ತಂಗಳು ಚಿತ್ರ ನೋಡಿ ಗುಂಡು ಹೊಡೀಬೇಡ

ಸೋತ ತಕ್ಷಣ ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಎಸೆದು "ಲ್ಯಾಗ್ ಅಜ್ಜಿ, ಬರೀ ಲ್ಯಾಗ್!" ಅಂತೀಯಲ್ಲ ಮರಿ, ಗೆದ್ದ ದಿನ ಒಮ್ಮೆಯಾದರೂ ಆ ಲ್ಯಾಗ್‌ನ ಹೆಸರೆತ್ತಿದ್ದೀಯಾ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಆದರೆ ನಿನ್ನ ಪರವಾಗಿಯೂ ಒಂದು ಮಾತು ಹೇಳಿಬಿಡ್ತೀನಿ. ಒಂದೊಂದು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತೆ. ಎಲ್ಲಿ ಡೊಂಕು, ಎಷ್ಟು ಡೊಂಕು ಅಂತ ಬಗ್ಗಿ ನೋಡಿದವರು ಸರಿಮಾಡ್ಕೊಂಡು ಕುಣೀತಾರೆ. ನೋಡದವರು ಬೈಕೊಂಡು ಕೂರ್ತಾರೆ. ನೀನು ಜಾಣ ಮಗು. ಬೈಯೋದರಲ್ಲೂ ಜಾಣ ಅನ್ನೋದೇ ನನ್ನ ಚಿಂತೆ.

"ಈ ಮುದುಕಿಗೇನು ಗೊತ್ತು" ಅಂತ ಹುಬ್ಬು ಹಾರಿಸಬೇಡ. ಮನೆಮನೆಗೆ ಮೊಬೈಲ್ ಬಂದು ದಾವಣಗೆರೆಯ ನಮ್ಮ ಎಸ್‌ಟಿಡಿ ಬೂತು ಮುಳುಗಿದಾಗ, ಅದೇ ಮಳಿಗೆಯಲ್ಲಿ ಕಂಪ್ಯೂಟರ್ ಜೋಡಿಸಿ ಸೈಬರ್ ಕೆಫೆ ಇಟ್ಟವಳು ನಾನು. ಹಗಲು ಮಾರ್ಕ್ಸ್ ಕಾರ್ಡು, ಬಯೋಡೇಟಾ, ರೈಲ್ವೆ ಟಿಕೆಟ್ಟು. ಸಂಜೆ ಕಾಲೇಜು ಬಿಟ್ಟರೆ ಸಾಕು, ಕೌಂಟರ್ ಸ್ಟ್ರೈಕ್ 1.6. ಗುಂಡಿನ ಸದ್ದಿಗೆ ಪಕ್ಕದ ಜೆರಾಕ್ಸ್ ಅಂಗಡಿಯವರು ಗೋಡೆ ಬಡೀತಿದ್ದರು. ನಾನು ಗಲ್ಲಾದಲ್ಲಿ ಕೂತು ಗಂಟೆ ಲೆಕ್ಕ ಬರೀತಿದ್ದೆ, ಹುಡುಗರ ಬುದ್ಧಿಯನ್ನೂ ಓದ್ತಿದ್ದೆ.

ಅಲ್ಲಿ ಒಂದು ವಿಚಿತ್ರ ನೋಡಿದೆ. ಎಲ್ಲ ಮಷೀನೂ ಒಂದೇ ಸ್ವಿಚ್ಚಿಗೆ, ಒಂದೇ ಲ್ಯಾನ್ ತಂತಿಗೆ ಸೇರಿದ್ದವು. ಹಾಗಾಗಿ ನೆಟ್ಟನ್ನ ದೂರೋಕೆ ಯಾರಿಗೂ ದಾರಿ ಇರಲಿಲ್ಲ. ಆದರೂ ಮೂಲೆಯ ಒಂದು ಮಷೀನಿಗೆ ದಿನಾ ಜಗಳ. ಅದರಲ್ಲಿ ಕೂತವರು ಎರಡು ಗುಂಡು ಮೊದಲೇ ಹೊಡೀತಿದ್ದರು. ಕಾರಣ ಇಷ್ಟೇ: ಅದರ ದಪ್ಪ ಸಿಆರ್‌ಟಿ ಮಾನಿಟರ್ ಸೆಕೆಂಡಿಗೆ 100 ಸಲ ಚಿತ್ರ ಬದಲಿಸ್ತಿತ್ತು, ಒಳಗಿನ ಗ್ರಾಫಿಕ್ಸ್ ಕಾರ್ಡು ಆ 100 ಫ್ರೇಮನ್ನ ತಪ್ಪದೆ ಕೊಡ್ತಿತ್ತು. ಮಿಕ್ಕವು ಅರವತ್ತರ ಆಸುಪಾಸಲ್ಲಿ ಏದುಸಿರು ಬಿಡ್ತಿದ್ದವು. ಆಗಿನ ವಿಂಡೋಸ್ ಎಕ್ಸ್‌ಪಿ ಬೇರೆ, ಮಾನಿಟರ್ ಎಷ್ಟೇ ಒಳ್ಳೇದಿರಲಿ, ಗೇಮ್ ತೆರೆದ ಕೂಡಲೇ 60 ಹರ್ಟ್ಸಿಗೆ ಇಳಿಸಿಬಿಡ್ತಿತ್ತು. ಶಾರ್ಟ್‌ಕಟ್‌ನಲ್ಲಿ ರಿಫ್ರೆಶ್ ರೇಟು 100 ಅಂತ ಬರೆದು ಸೇರಿಸಬೇಕು. ಅದನ್ನ ಕಂಡುಹಿಡಿದ ಹುಡುಗರು ಯಾರಿಗೂ ಹೇಳದೆ ಬಾಯಿ ಬಿಗಿಹಿಡಿದು ಕೂರ್ತಿದ್ದರು. ವಿದ್ಯೆ ಮುಚ್ಚಿಡೋದು ಅಂದರೆ ಏನು ಅಂತ ನಾನು ಕಂಡದ್ದೇ ಅಲ್ಲಿ.

ಈಗ ಲೆಕ್ಕಕ್ಕೆ ಬಾ. ನೀನು ಪರದೆಯ ಮೇಲೆ ನೋಡೋದು ಆಟವನ್ನಲ್ಲ, ಆಟದ ಫೋಟೊಗಳನ್ನ. ಸೆಕೆಂಡಿಗೆ 60 ಫೋಟೊ ಬಂದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ 16.7 ಮಿಲಿಸೆಕೆಂಡು. 144 ಬಂದರೆ 6.9. 240 ಬಂದರೆ 4.2. ಒಂದು ಫೋಟೊ ಬಂದು ಇನ್ನೊಂದು ಬರೋವರೆಗೆ ನೀನು ನೋಡ್ತಿರೋದು ತಂಗಳು. ನೀನು ಗುರಿಯಿಟ್ಟ ತಲೆ ಅಲ್ಲಿಂದ ಆಗಲೇ ಸರಿದಿರುತ್ತೆ. ಫ್ರೇಮ್ ರೇಟು ಹೆಚ್ಚಿದಷ್ಟೂ ತಟ್ಟೆಗೆ ಬೀಳೋದು ಬಿಸಿ. ಮಿಕ್ಕ ಮಾತೆಲ್ಲ ಇದರ ಮೇಲಿನ ಒಗ್ಗರಣೆ.

"ಹತ್ತು ಮಿಲಿಸೆಕೆಂಡಿನಲ್ಲಿ ಏನು ಮಹಾ, ಕಣ್ಣು ರೆಪ್ಪೆ ಹೊಡೆಯೋಕೇ ಅದಕ್ಕಿಂತ ಹೊತ್ತು ಬೇಕು" ಅಂತ ವಾದಿಸ್ತೀಯ, ಗೊತ್ತು. ಕಂಡದ್ದಕ್ಕೆ ಬೆರಳು ಒತ್ತೋಕೆ ಸಾಧಾರಣ ಮನುಷ್ಯರಿಗೆ 200ರಿಂದ 250 ಮಿಲಿಸೆಕೆಂಡು ಹಿಡಿಯುತ್ತೆ, ನಿಜ. ಆದರೆ ಎದುರಿನವನಿಗೂ ಅಷ್ಟೇ ಹಿಡಿಯುತ್ತಲ್ಲ. ಇಬ್ಬರ ಕೈಯೂ ಸಮ ಇದ್ದಾಗ ಹತ್ತು ಮಿಲಿಸೆಕೆಂಡು ಮೊದಲು ಕಂಡವನು ಹತ್ತು ಮಿಲಿಸೆಕೆಂಡು ಮೊದಲು ಹೊಡೀತಾನೆ. ಸತ್ತವನಿಗೆ ಎಷ್ಟು ಮಿಲಿಸೆಕೆಂಡಿನಲ್ಲಿ ಸತ್ತೆ ಅಂತ ಯಾರೂ ಕೇಳಲ್ಲ.

ತಡ ಒಂದೇ ಅಲ್ಲ, ಚಲನೆಯ ಮಾತೂ ಇದೆ. ಹಿಂದೆ ಹೆಜ್ಜೆ ಸದ್ದು ಕೇಳಿ ನೀನು ಗಕ್ಕನೆ ತಿರುಗ್ತೀಯ. ಅರ್ಧ ಸುತ್ತು, 180 ಡಿಗ್ರಿ, ಸೆಕೆಂಡಿನ ಐದನೇ ಒಂದು ಪಾಲಿನಲ್ಲಿ ಅಂತಿಟ್ಕೊ. 60 ಫ್ರೇಮಿನ ಪರದೆಯಲ್ಲಿ ಆ ತಿರುವಿಗೆ ಸಿಗೋದು ಹನ್ನೆರಡೇ ಚಿತ್ರ. ಪ್ರತಿ ಚಿತ್ರಕ್ಕೆ 15 ಡಿಗ್ರಿ ನೆಗೆತ. 240ರಲ್ಲಿ ನಲವತ್ತೆಂಟು ಚಿತ್ರ, ಒಂದೊಂದಕ್ಕೆ ನಾಲ್ಕು ಡಿಗ್ರಿಯೂ ಇಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಕೈಗೆ ಹೇಳೋದು ಕಣ್ಣು. ಕಣ್ಣಿಗೇ ದಾರಿಯ ಮುಕ್ಕಾಲು ಕಾಣದಿದ್ದರೆ ಕೈ ಮುಗ್ಗರಿಸದೆ ಇನ್ನೇನು ಮಾಡುತ್ತೆ? ಓಡೋ ವೈರಿಯನ್ನ ಹಿಂಬಾಲಿಸುವಾಗಲೂ ಇದೇ ಕತೆ, ರೈಫಲ್ಲಿನ ರಿಕಾಯ್ಲ್ ಕೆಳಗೆಳೆಯುವಾಗಲೂ ಇದೇ ಕತೆ.

"ಸಿನಿಮಾ 24 ಫ್ರೇಮಿನಲ್ಲೇ ಓಡುತ್ತಲ್ಲ ಅಜ್ಜಿ, ಅದು ಚೆಂದ ಕಾಣಲ್ವಾ?" ಕಾಣುತ್ತೆ. 'ಮಯೂರ'ದಲ್ಲಿ ರಾಜ್‌ಕುಮಾರ್ ಕತ್ತಿ ಬೀಸಿದ್ದೂ 24ರಲ್ಲೇ. ಆದರೆ ಆ ಕತ್ತಿ ನಿನ್ನ ಕೈಯಲ್ಲಿರಲಿಲ್ಲ, ನೀನು ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂತಿದ್ದೆ. ಕ್ಯಾಮೆರಾ ಪ್ರತಿ ಫ್ರೇಮಿನಲ್ಲೂ ಚಲನೆಯನ್ನ ಸ್ವಲ್ಪ ಮಸುಕಾಗಿ ಹಿಡಿಯುತ್ತೆ, ಅದಕ್ಕೇ ಕಣ್ಣಿಗೆ ಹಿತ. ಗೇಮಿನಲ್ಲಿ ನಿನ್ನ ಕೈ ಆಡಿದಂತೆ ಚಿತ್ರ ಆಡಬೇಕು. ಅದು ಬೇರೆ ಧರ್ಮ.

ಇನ್ನು ನೆಟ್ಟು. ಪಿಂಗು ಬೇರೆ ಕಾಯಿಲೆ, ಫ್ರೇಮು ಬೇರೆ ಕಾಯಿಲೆ. ನೀನು ಎರಡಕ್ಕೂ ಒಂದೇ ಮಾತ್ರೆ ಕೇಳ್ತೀಯ. ವ್ಯಾಲರೆಂಟ್ ಆಡುವಾಗ ನಿನ್ನ ಗುಂಡಿನ ಸುದ್ದಿ ಮುಂಬೈ ಸರ್ವರಿಗೆ ಹೋಗಿ ಬರಬೇಕು. ಅದಕ್ಕೆ ಹಿಡಿಯೋ ಹೊತ್ತು ಪಿಂಗು. ಅದನ್ನ ತಗ್ಗಿಸೋಕೆ ವೈಫೈ ಬಿಟ್ಟು ರೌಟರಿನಿಂದ ತಂತಿ ಎಳಿ. ಗ್ರಾಫಿಕ್ಸ್ ಕಾರ್ಡು ಹಾಕಿದರೆ ಪಿಂಗು ಇಳಿಯಲ್ಲ, ದೊಡ್ಡ ಬ್ರಾಡ್‌ಬ್ಯಾಂಡ್ ಪ್ಲಾನು ಹಾಕಿದರೆ ಫ್ರೇಮು ಏರಲ್ಲ. ಆದರೂ ಈ ಎರಡು ಕಾಯಿಲೆ ಒಂದು ಕಡೆ ಕೂಡ್ತವೆ. ಮೂಲೆಯಿಂದ ಹೊರಗೆ ಬರೋನಿಗೆ ನೀನು ಕಾಣೋದು ಮೊದಲು, ಅವನು ನಿನಗೆ ಕಾಣೋದು ಆಮೇಲೆ. ಅವನ ಹೆಜ್ಜೆಯ ಸುದ್ದಿ ಸರ್ವರಿಗೆ ಹೋಗಿ ನಿನ್ನ ಮನೆಗೆ ಬರಬೇಕಲ್ಲ, ಅದಕ್ಕೆ. ಪೀಕರ್ಸ್ ಅಡ್ವಾಂಟೇಜ್ ಅಂತ ನೀನೇ ಬಾಯಿ ತುಂಬ ಹೇಳ್ತೀಯ. ಅದನ್ನ ಕಮ್ಮಿ ಮಾಡೋಕೆ ರಾಯಟ್‌ನವರು 2020ರಲ್ಲಿ ವ್ಯಾಲರೆಂಟ್ ಬಿಟ್ಟಾಗ ಸರ್ವರನ್ನ ಸೆಕೆಂಡಿಗೆ 128 ಸಲ ಲೆಕ್ಕ ಹಾಕೋ ಹಾಗೆ ಕಟ್ಟಿದರು. ಕೌಂಟರ್ ಸ್ಟ್ರೈಕಿನ ಆಗಿನ ಅವತಾರ ಸಿಎಸ್‌:ಗೋದ ಸ್ವಂತ ಸರ್ವರುಗಳು 64ರಲ್ಲೇ ಓಡ್ತಿದ್ದವು. ಈಗ ನೀನೇ ಹೇಳು. ಸರ್ವರು 128 ಸಲ ಸುದ್ದಿ ಕೊಡ್ತಿದೆ, ನಿನ್ನ ಪರದೆ 60 ಸಲ ಮಾತ್ರ ಬದಲಾಗ್ತಿದೆ. ಅರ್ಧಕ್ಕಿಂತ ಹೆಚ್ಚು ಸುದ್ದಿ ನಿನ್ನ ಕಣ್ಣಿಗೆ ಬೀಳೋದೇ ಇಲ್ಲ.

ಇಷ್ಟು ಹೇಳಿದ್ದೇ ತಡ, "ಹಾಗಾದರೆ 360 ಹರ್ಟ್ಸಿನ ಮಾನಿಟರ್ ಕೊಡಿಸು" ಅಂತ ಎದ್ದು ನಿಲ್ಲಬೇಡ. ಕೂತ್ಕೊ. 60ರಿಂದ 144ಕ್ಕೆ ಹೋದರೆ ಒಂದು ಫ್ರೇಮಿಗೆ ಉಳಿಯೋದು ಸುಮಾರು 10 ಮಿಲಿಸೆಕೆಂಡು. 144ರಿಂದ 240ಕ್ಕೆ 2.8. 240ರಿಂದ 360ಕ್ಕೆ 1.4. ಬೆಲೆ ಏರ್ತಾ ಹೋಗುತ್ತೆ, ಲಾಭ ಇಳೀತಾ ಹೋಗುತ್ತೆ. ಮೊದಲ ಮೆಟ್ಟಿಲಿನಲ್ಲೇ ಮುಕ್ಕಾಲು ಎತ್ತರ ಸಿಕ್ಕಿಬಿಡುತ್ತೆ ಮರಿ. ಉಳಿದದ್ದು ಸಂಬಳಕ್ಕೆ ಆಡೋರಿಗೆ ಬೇಕು, ಅವರಿಗೆ ಆ 1.4 ಕೂಡ ಅನ್ನ. ನಿನಗೆ ನಾಳೆ ಇಂಟರ್ನಲ್ಸ್ ಇದೆ.

ಕೊಂಡದ್ದನ್ನಾದರೂ ನೆಟ್ಟಗೆ ಬಳಸ್ತೀರಾ? 144 ಹರ್ಟ್ಸಿನ ಮಾನಿಟರ್ ತಂದು, ಡಬ್ಬದ ಜತೆ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿ, ಆಮೇಲೆ ತಿಂಗಳುಗಟ್ಟಲೆ 60ರಲ್ಲೇ ಆಡ್ತಿರೋ ಮಕ್ಕಳನ್ನ ನಾನು ಬೇಕಾದಷ್ಟು ನೋಡಿದ್ದೀನಿ. ವಿಂಡೋಸು ತಾನಾಗಿ ಏರಿಸಲ್ಲ ಕಣಪ್ಪ, ಎಷ್ಟೋ ಸಲ 60ಕ್ಕೇ ಬಿಟ್ಟಿರುತ್ತೆ. ಸೆಟಿಂಗ್ಸು, ಸಿಸ್ಟಮ್ಮು, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟು ಎಷ್ಟಿದೆ ನೋಡು. ಹಾಗೇ ಸಿಪಿಯು ಡಬ್ಬದ ಹಿಂದೆ ಬಗ್ಗಿ ನೋಡು, ಮಾನಿಟರಿನ ತಂತಿ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆಯೋ ಮದರ್‌ಬೋರ್ಡಿಗೋ ಅಂತ. ಮದರ್‌ಬೋರ್ಡಿಗೆ ಚುಚ್ಚಿದ್ದರೆ ನಿಮ್ಮಪ್ಪ ಕೊಡಿಸಿದ ಕಾರ್ಡು ಒಳಗೆ ನಿದ್ದೆ ಹೊಡೀತಿದೆ ಅಂತಲೇ ತಿಳ್ಕೊ.

ನನ್ನ ಕೆಫೆಗೆ ಒಬ್ಬ ಹುಡುಗಿ ಬರ್ತಿದ್ದಳು, ಪಾಲಿಟೆಕ್ನಿಕ್ ಓದ್ತಿದ್ದವಳು. ಮೂಲೆಯ ಮಷೀನಿಗೆ ಯಾವತ್ತೂ ಜಗಳ ಆಡಲಿಲ್ಲ. ಸಿಕ್ಕಿದ ಮಷೀನಿನಲ್ಲಿ ಕೂತು, ಮೊದಲು ಮೌಸಿನ ಉಂಡೆ ತೆಗೆದು ಒಳಗಿನ ಕೊಳೆ ಕೆರೀತಿದ್ದಳು. ಆಮೇಲೆ ಕನ್ಸೋಲಿನಲ್ಲಿ ಫ್ರೇಮಿನ ಅಂಕಿ ತೋರಿಸ್ಕೊಂಡು ಖಾಲಿ ಮ್ಯಾಪಿನಲ್ಲಿ ಒಂದು ಸುತ್ತು ಓಡ್ತಿದ್ದಳು. ಎಲ್ಲಿ ಅಂಕಿ ಕುಸಿಯುತ್ತೆ ಅಂತ ನೋಡ್ಕೊಂಡು, ಗೇಮಿನ ಅಳತೆಯನ್ನ 640ಕ್ಕೆ 480ಕ್ಕೆ ಇಳಿಸಿ, ಅಂಕಿ ಎಲ್ಲೂ ಅಲುಗಾಡದ ಹಾಗೆ ಮಾಡ್ಕೊಂಡ ಮೇಲೇ "ಹೂಂ, ಶುರು ಮಾಡ್ರೋ" ಅಂತಿದ್ದಳು. ಹುಡುಗರು ನಗ್ತಿದ್ದರು. ಸ್ವಲ್ಪ ಹೊತ್ತಿಗೆ ನಗು ನಿಲ್ತಿತ್ತು.

ಅವಳಿಗೆ ತಿಳಿದದ್ದು ನಿನಗಿನ್ನೂ ತಿಳಿದಿಲ್ಲ. ಹೆಚ್ಚು ಫ್ರೇಮು ಒಳ್ಳೇದು, ಅಲುಗಾಡದ ಫ್ರೇಮು ಅದಕ್ಕಿಂತ ಒಳ್ಳೇದು. ನಿನ್ನ ಪರದೆಯ ಮೂಲೆಯಲ್ಲಿ 220 ಅಂತ ಹಸಿರು ಅಂಕಿ ಮಿನುಗ್ತಿರುತ್ತೆ, ಅದನ್ನ ಗೆಳೆಯರಿಗೆ ತೋರಿಸಿ ಎದೆಯುಬ್ಬಿಸ್ತೀಯ. ಅದು ಗೋಡೆ ನೋಡ್ಕೊಂಡು ನಿಂತಾಗಿನ ಅಂಕಿ. ಸ್ಮೋಕು ಬಿದ್ದು, ಇಬ್ಬರು ನುಗ್ಗಿ, ಗ್ರೆನೇಡು ಸಿಡಿದ ಗಳಿಗೆಯಲ್ಲಿ ಎಷ್ಟಿರುತ್ತೆ? 70ಕ್ಕೆ ಬಿದ್ದರೆ ಆ 220 ಯಾರ ಉಪಕಾರಕ್ಕೆ? ಆಟ ತೀರ್ಮಾನ ಆಗೋದೇ ಆ ಗಳಿಗೆಯಲ್ಲಿ. ಬಲ್ಲವರು ಸರಾಸರಿ ನೋಡಲ್ಲ, ತೀರಾ ಕೆಟ್ಟ ನೂರರಲ್ಲೊಂದು ಪಾಲಿನ ಫ್ರೇಮುಗಳ ಅಂಕಿ ನೋಡ್ತಾರೆ. ಒನ್ ಪರ್ಸೆಂಟ್ ಲೋ ಅಂತಾರಲ್ಲ, ಅದು. ಸಂಬಂಧ ನೋಡೋವಾಗಲೂ ನಾನು ಹಾಗೇ ಮಾಡಿದ್ದು. ಹುಡುಗ ಮದುವೆ ಮನೆಯಲ್ಲಿ ಹೇಗಿದ್ದ ಅಂತ ಕೇಳಲಿಲ್ಲ, ಬಸ್ ಕೆಟ್ಟು ನಿಂತಾಗ ಹೇಗಿದ್ದ ಅಂತ ಕೇಳಿದೆ. ನಿಮ್ಮಪ್ಪ ಅಳಿಯನಾಗಿದ್ದು ಹೀಗೇ.

ಫ್ರೇಮು ಯಾಕೆ ಕುಸಿಯುತ್ತೆ? ನೂರಕ್ಕೆ ತೊಂಬತ್ತು ಸಲ ಸೆಕೆ ಮತ್ತು ಸೋಮಾರಿತನ. ಲ್ಯಾಪ್‌ಟಾಪಿನಲ್ಲಿ ಆಡೋವಾಗ ಅದನ್ನ ರಜಾಯಿ ಮೇಲಿಡ್ತೀಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು, ಲ್ಯಾಪ್‌ಟಾಪು ಚಾಚು ಅನ್ನಲಿಲ್ಲ. ಕೆಳಗಿನ ಗಾಳಿಕಿಂಡಿ ಮುಚ್ಚಿ ಒಳಗೆ ಕಾಯುತ್ತೆ. ಕಾದ ಚಿಪ್ಪು ತನ್ನನ್ನ ಉಳಿಸ್ಕೊಳ್ಳೋಕೆ ವೇಗ ತಾನೇ ಇಳಿಸ್ಕೊಳ್ಳುತ್ತೆ. ಮೊದಲ ಎರಡು ಮ್ಯಾಚು ಬೆಣ್ಣೆ, ಮೂರನೇದು ಕಲ್ಲು ಅಂತ ಗೋಳಾಡ್ತೀಯಲ್ಲ, ಕಾರಣ ಇದು. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ಕೇಳಲೇಬೇಡ. ಮೇಜಿನ ಮೇಲಿಡು, ಚಾರ್ಜರು ಚುಚ್ಚಿ ಆಡು, ಬರೀ ಬ್ಯಾಟರಿಯಲ್ಲಿ ಅದು ಅರೆಹೊಟ್ಟೆಯಲ್ಲಿ ಓಡುತ್ತೆ. ಆರು ತಿಂಗಳಿಗೊಮ್ಮೆ ಫ್ಯಾನಿನ ಧೂಳು ತೆಗಿ. ಆಡುವಾಗ ಹಿಂದೆ ಮೂವತ್ತು ಟ್ಯಾಬು ತೆರೆದಿಡಬೇಡ, ಅದರಲ್ಲಿ ಒಂದೂ ಓದಿನದಲ್ಲ ಅಂತ ನನಗೆ ಗೊತ್ತು.

ಇನ್ನೊಂದು ಗುಟ್ಟು. ಈ ಗುಂಡಿನ ಆಟಗಳಲ್ಲಿ ಬಹುಪಾಲು, ಅದರಲ್ಲೂ ವ್ಯಾಲರೆಂಟ್, ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರನ್ನ ಹೆಚ್ಚು ದುಡಿಸ್ತವೆ. ಬಂದ ಹೊಸದರಲ್ಲಿ 144 ಫ್ರೇಮಿಗೆ ರಾಯಟ್‌ನವರೇ ಸಾಕು ಅಂದದ್ದು ಜಿಟಿಎಕ್ಸ್ 1050 ಟಿಐ ಅನ್ನೋ ಸಾಮಾನ್ಯ ಕಾರ್ಡು. ಇದನ್ನ ತಿಳಿಯದೆ ಇಎಂಐನಲ್ಲಿ ದೊಡ್ಡ ಕಾರ್ಡು ತಂದು ಹಳೇ ಪ್ರೊಸೆಸರಿನ ಪಕ್ಕ ಕೂರಿಸಿ, ಫ್ರೇಮು ಹತ್ತೂ ಏರಲಿಲ್ಲ ಅಂತ ಅತ್ತವರನ್ನ ಬಲ್ಲೆ. ಕೊಳ್ಳೋ ಮೊದಲು ಪೈಸಾ ಖರ್ಚಿಲ್ಲದ ಪರೀಕ್ಷೆ ಒಂದಿದೆ. ರೆಸಲ್ಯೂಷನ್ನು ಇಳಿಸಿ ಆಡಿ ನೋಡು. ಫ್ರೇಮು ಜಿಗಿದು ಏರಿದರೆ ಕಾರ್ಡು ಸೋತಿದೆ. ಇದ್ದಲ್ಲೇ ಇದ್ದರೆ ಪ್ರೊಸೆಸರು ಸೋತಿದೆ, ಕಾರ್ಡಿನಂಗಡಿಗೆ ಹೋಗಬೇಡ. ರ‍್ಯಾಮು ಒಂದೇ ಕಡ್ಡಿ ಇದ್ದರೆ ಅದರ ಜೋಡಿ ಇನ್ನೊಂದು ಹಾಕಿಸು. ಎರಡು ಕಡ್ಡಿ ಒಟ್ಟಿಗೆ ದುಡಿದಾಗ ಆ ಕೆಟ್ಟ ಗಳಿಗೆಯ ಅಂಕಿ ಸುಧಾರಿಸುತ್ತೆ.

ಸೆಟಿಂಗ್ಸಿನಲ್ಲಿ ನೆರಳು, ಎಲೆ, ಹೊಳಪು ಅಂತ ಸಿಂಗಾರ ಇಟ್ಕೊಂಡು ಆಡ್ತೀಯಲ್ಲ, ಯಾರಿಗೆ ತೋರಿಸೋಕೆ? ಎಷ್ಟೋ ದೊಡ್ಡ ಆಟಗಾರರು ಸಿಎಸ್ ಆಡೋದು 1280ಕ್ಕೆ 960ರಲ್ಲಿ, ಚಿತ್ರ ಅಡ್ಡಡ್ಡ ಹಿಗ್ಗಿಸಿಕೊಂಡು. ನೋಡೋಕೆ ಕುರೂಪ, ಆದರೆ ಅಂಕಿ ಅಲುಗಲ್ಲ. ವಿ-ಸಿಂಕ್ ಆರಿಸು. ಅದು ಚಿತ್ರ ಹರಿದಂತೆ ಕಾಣೋದನ್ನ ತಪ್ಪಿಸುತ್ತೆ, ನಿಜ, ಆದರೆ ಸಿದ್ಧವಾದ ಫ್ರೇಮನ್ನ ಪರದೆಯ ಸರದಿ ಬರೋವರೆಗೂ ಕಾಯಿಸುತ್ತೆ. ತಂಗಳು ಮಾಡೋ ಕೆಲಸವೇ ಅದು. ಜಿ-ಸಿಂಕ್, ಫ್ರೀಸಿಂಕ್ ಇರೋ ಮಾನಿಟರಾದರೆ ಪರದೆಯೇ ಫ್ರೇಮಿಗೆ ಹೊಂದ್ಕೊಳ್ಳುತ್ತೆ, ಅದು ವಾಸಿ. ಎನ್‌ವಿಡಿಯಾ 2020ರಲ್ಲಿ ತಂದ ರಿಫ್ಲೆಕ್ಸ್ ಇದ್ದರೆ ಹಚ್ಚು. ಪ್ರೊಸೆಸರು ಮುಂದೋಡಿ ಕಾರ್ಡಿನ ಬಾಗಿಲಲ್ಲಿ ಕೆಲಸ ಗುಡ್ಡೆ ಹಾಕೋದನ್ನ ಅದು ತಡೆಯುತ್ತೆ.

ಈಚೆಗೆ ಇನ್ನೊಂದು ಮಾಯೆ ಬಂದಿದೆ, ಫ್ರೇಮ್ ಜನರೇಷನ್ನು. 2022ರಲ್ಲಿ ಡಿಎಲ್‌ಎಸ್‌ಎಸ್ 3 ಜತೆ ಬಂತು. ಎರಡು ನಿಜವಾದ ಫ್ರೇಮಿನ ನಡುವೆ ಒಂದು ಕಲ್ಪಿತ ಫ್ರೇಮು ತೂರಿಸುತ್ತೆ. ಅಂಕಿ ಒಂದಕ್ಕೆರಡು. ಆದರೆ ನಡುವಿನದನ್ನ ಬರೆಯೋಕೆ ಮುಂದಿನ ನಿಜವಾದ ಫ್ರೇಮು ಕೈಯಲ್ಲಿ ಇರಬೇಕಲ್ಲ, ಅಷ್ಟು ಹೊತ್ತು ಅದನ್ನ ನಿನಗೆ ತೋರಿಸದೆ ಹಿಡಿದಿಟ್ಟಿರುತ್ತೆ. ಕತೆ ಹೇಳೋ ಗೇಮಿಗೆ ಧಾರಾಳವಾಗಿ ಬಳಸು, ಕಾಡು ಬೆಟ್ಟ ಹಾಯಾಗಿ ಕಾಣುತ್ತೆ. ಗುಂಡಿನ ಪಂದ್ಯಕ್ಕೆ ಅದನ್ನ ತರಬೇಡ. ಅಂಕಿಗೆ ಮರುಳಾಗೋದು ಒಂದು ಕಾಯಿಲೆ, ನಿನ್ನ ವಯಸ್ಸಿನಲ್ಲಿ ಬೇಗ ಅಂಟುತ್ತೆ.

ಅಂಕಿಯ ಹಿಂದೆ ಬಿದ್ದವರಿಗೆ ವರ ಸಿಕ್ಕ ಕಾಲವೂ ಇತ್ತು ಅನ್ನು. 1999ರ ಕ್ವೇಕ್ 3 ಅರೀನಾದಲ್ಲಿ ಫ್ರೇಮನ್ನ ಸರಿಯಾಗಿ 125ಕ್ಕೆ ಕಟ್ಟಿಹಾಕಿದರೆ ನೆಗೆತ ಜಾಸ್ತಿ ಆಗ್ತಿತ್ತು. 125 ಅಂದರೆ ಫ್ರೇಮಿಗೆ ಸರಿಯಾಗಿ 8 ಮಿಲಿಸೆಕೆಂಡು. ಆಟ ಒಳಗೊಳಗೇ ಮಾಡ್ತಿದ್ದ ದಶಮಾಂಶದ ಕತ್ತರಿಕೆ ಆ ಅಂಕಿಗೆ ಒಲಿದು ಬರ್ತಿತ್ತು. 125ಕ್ಕೆ ಇಡದವರಿಗೆ ಕೆಲವು ಕಟ್ಟೆಗಳು ಹತ್ತೋಕೇ ಆಗ್ತಿರಲಿಲ್ಲ. ಅನ್ಯಾಯ ಅಲ್ವಾ? ಆ ಹೊತ್ತಿಗೆ ಅದು ವಿದ್ಯೆ ಅನ್ನಿಸ್ಕೊಳ್ತಿತ್ತು.

ಪಿಸಿ ಇಲ್ಲದೆ ಫೋನಿನಲ್ಲೇ ಆಡೋ ಮಕ್ಕಳಿಗೂ ಒಂದು ಮಾತು, ಅವರೇ ಹೆಚ್ಚು. ಬಿಜಿಎಂಐನಲ್ಲಿ ಗ್ರಾಫಿಕ್ಸು ಸ್ಮೂತ್‌ಗೆ ಇಡು, ಫ್ರೇಮು ನಿನ್ನ ಫೋನು ತಾಳುವಷ್ಟಕ್ಕೆ ಇಡು. ಎಕ್ಸ್‌ಟ್ರೀಮ್ ಅಂದರೆ 60. ಕೆಲವು ಫೋನುಗಳಿಗೆ ಮಾತ್ರ 90, 120 ತೆರೆಯುತ್ತೆ. ಪರದೆ 120 ಹರ್ಟ್ಸು ಅಂತ ಡಬ್ಬದ ಮೇಲೆ ಬರೆದ ಮಾತ್ರಕ್ಕೆ ಗೇಮು 120 ಕೊಡುತ್ತೆ ಅಂತ ನಂಬಿ ಹಬ್ಬದ ಆಫರಿನಲ್ಲಿ ದುಡ್ಡು ಸುರೀಬೇಡ. ಆ ಫೋನಿಗೆ ಆ ಗೇಮಿನಲ್ಲಿ ಎಷ್ಟು ತೆರೆಯುತ್ತೆ ಅಂತ ಅದನ್ನ ಕೊಂಡವರ ಕೈಯಲ್ಲೇ ನೋಡಿ ಬಾ. 90ಕ್ಕೆ ಹಚ್ಚಿ ಹತ್ತು ನಿಮಿಷಕ್ಕೆ ಕಾದು 40ಕ್ಕೆ ಬೀಳೋದಕ್ಕಿಂತ, ಕೊನೇ ಸರ್ಕಲ್ಲಿನವರೆಗೂ ಅಲುಗದ 60 ಸಾವಿರ ಪಾಲು ಮೇಲು. ದಪ್ಪ ಕವರು ತೆಗೆದು ಆಡು. ಚಾರ್ಜಿಗೆ ಹಾಕ್ಕೊಂಡೇ ಆಡಬೇಡ, ಅದು ಎರಡು ಕಡೆಯಿಂದ ಬೆಂಕಿ ಇಟ್ಟ ಹಾಗೆ.

ಇನ್ನು ಆ ಅಂಕಿಯನ್ನ ಪರದೆಯಿಂದ ತೆಗಿ. ಒಂದು ದಿನ ಅಳೆದು, ಸರಿಮಾಡಿ, ಮುಚ್ಚಿಡು. ಮ್ಯಾಚಿನ ನಡುವೆ ನಿನ್ನ ಕಣ್ಣು ವೈರಿ ಮೇಲಿರೋದಕ್ಕಿಂತ ಮೂಲೆಯ ಅಂಕಿ ಮೇಲೇ ಹೆಚ್ಚಿರುತ್ತೆ, ನಾನು ಹಿಂದೆ ನಿಂತು ನೋಡಿದ್ದೀನಿ. ಅದು 144ರಿಂದ 138ಕ್ಕೆ ಇಳಿದ ಕೂಡಲೇ ನಿನ್ನ ಮುಖ ಸಪ್ಪಗಾಗುತ್ತೆ, ಮುಂದಿನ ಗುಂಡು ತಪ್ಪುತ್ತೆ. ಆರು ಫ್ರೇಮಿನಿಂದ ಯಾರೂ ಸಾಯಲ್ಲ ಮರಿ.

ಇಷ್ಟೆಲ್ಲ ಮಾಡಿಯೂ ಸಾಲದಾದರೆ ನಿಮ್ಮಪ್ಪನ ಹತ್ತಿರ ಕೇಳು, ಆದರೆ ಕೇಳೋ ರೀತಿ ಕಲಿ. "ಎಲ್ಲರ ಹತ್ತಿರಾನೂ ಇದೆ" ಅನ್ನೋ ಹಳೇ ರಾಗ ಬೇಡ, ನನ್ನ ಗಲ್ಲಾದ ಮುಂದೆ ಅದನ್ನ ಹೇಳದ ಹುಡುಗನೇ ಇರಲಿಲ್ಲ. ಧೂಳು ತೆಗೆಯೋ ಮೊದಲು ಕೆಟ್ಟ ಗಳಿಗೆಯ ಅಂಕಿ ಎಷ್ಟಿತ್ತು, ತೆಗೆದ ಮೇಲೆ ಎಷ್ಟಾಯ್ತು, ರೆಸಲ್ಯೂಷನ್ನು ಇಳಿಸಿದಾಗ ಎಷ್ಟಾಯ್ತು, ಒಂದು ಹಾಳೆಯಲ್ಲಿ ಬರೆದು ಕೊಡು. ಅವನು ಲೆಕ್ಕದ ಮನುಷ್ಯ, ಹಾಳೆ ನೋಡಿದರೆ ಮೆತ್ತಗಾಗ್ತಾನೆ. ಮಷೀನು ನೂರರ ಮೇಲೆ ಅಲುಗದೆ ಕೊಡ್ತಿದ್ದರೆ ಮೊದಲು 144ರ ಮಾನಿಟರ್ ಕೇಳು. ಕೊಡ್ತಿಲ್ಲ ಅಂದರೆ ಮೊದಲು ರ‍್ಯಾಮು, ಮಾನಿಟರ್ ದೀಪಾವಳಿಗೆ. ಅರ್ಧ ದುಡ್ಡು ನಾನು ಹಾಕ್ತೀನಿ, ನಿಮ್ಮಮ್ಮನಿಗೆ ಹೇಳಬೇಡ. ಆ 360ರದ್ದು ಮಾತ್ರ ನಿನ್ನ ಮೊದಲನೇ ಸಂಬಳದಲ್ಲಿ ತಗೋ, ಆಗ ನಾನೂ ಬಂದು ಒಂದು ರೌಂಡು ಆಡ್ತೀನಿ.